ಥಾಯ್ಲೆಂಡಿನಲ್ಲಿ ನಿವೃತ್ತ ಜೀವನ: ವೀಸಾ, ಇಡುಗಂಟು ಮತ್ತು ನಾಲ್ಕು ಗಡುವುಗಳು

ಐವತ್ತು ವರ್ಷ ದಾಟಿದ ವಿದೇಶೀಯರಿಗೆ, ದುಡಿಮೆ ಮಾಡದೆ ಸ್ವಂತ ಹಣದಲ್ಲಿ ಬದುಕುವುದಾದರೆ, ವರ್ಷ ವರ್ಷಕ್ಕೂ ವಾಸದ ಅನುಮತಿಯನ್ನು ಮುಂದುವರಿಸಿ ಕೊಡುವ ವ್ಯವಸ್ಥೆ ಥಾಯ್ಲೆಂಡಿನಲ್ಲಿ ಬಹುಕಾಲದಿಂದ ಇದೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಗಳ ಪ್ರಯಾಣ, ಅನ್ನ, ತೆಂಗು, ಹುಣಸೆಗಳ ಅಡುಗೆ, ಒಳ್ಳೆಯ ಆಸ್ಪತ್ರೆಗಳು. ಇವೆಲ್ಲ ನಿವೃತ್ತರನ್ನು ಸೆಳೆಯುತ್ತವೆ. ಆದರೆ ಅಲ್ಲಿ ನೆಮ್ಮದಿಯಿಂದ ಇರುವವರಿಗೂ ಪದೇ ಪದೇ ತೊಂದರೆಗೆ ಸಿಲುಕುವವರಿಗೂ ಇರುವ ವ್ಯತ್ಯಾಸ ಹಣದ್ದಲ್ಲ, ತಾರೀಖುಗಳದ್ದು. ಅಲ್ಲಿನ ವಲಸೆ ಕಾನೂನು ನಿವೃತ್ತರ ಮೇಲೆ ನಾಲ್ಕು ಬೇರೆ ಬೇರೆ ಹೊಣೆಗಳನ್ನು (ವರ್ಷದ ವಿಸ್ತರಣೆ, ವಿಳಾಸದ ತಿಳಿವಳಿಕೆ, 90 ದಿನಗಳ ವರದಿ, ಮರುಪ್ರವೇಶದ ಪರವಾನಗಿ) ಹೊರಿಸುತ್ತದೆ, ಪ್ರತಿಯೊಂದಕ್ಕೂ ತನ್ನದೇ ಗಡುವು ಇದೆ, ಮತ್ತು ಒಂದನ್ನು ಪೂರೈಸಿದ ಮಾತ್ರಕ್ಕೆ ಇನ್ನೊಂದು ಪೂರೈಸಿದಂತೆ ಆಗುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ಕನ್ನಡಿಗರನ್ನು ಗಮನದಲ್ಲಿಟ್ಟು, ಊರಿನಲ್ಲಿ ಮಾಡಬೇಕಾದ ಸಿದ್ಧತೆಯಿಂದ ಆರಂಭಿಸಿ ಹಂತ ಹಂತವಾಗಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹಂತ: ಊರಿನಲ್ಲೇ ಮುಗಿಸಬೇಕಾದ ಕೆಲಸಗಳು

ಮೊದಲು ಪಾಸ್‌ಪೋರ್ಟಿನಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ನೋಡಿಕೊಳ್ಳಿ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇರುವುದಿಲ್ಲ. ತಂದೆಯ ಹೆಸರಿನ ಅಥವಾ ಊರಿನ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಬಳಸುತ್ತೇವೆ. ಪಿಂಚಣಿ ಪುಸ್ತಕದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅದರ ವಿಸ್ತೃತ ರೂಪ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕ್ರಮ ಇದ್ದರೆ ಥಾಯ್ ಬ್ಯಾಂಕು ಮತ್ತು ವಲಸೆ ಕಚೇರಿಗಳೆರಡೂ ಪ್ರಶ್ನೆ ಕೇಳುತ್ತವೆ. ಥಾಯ್ಲೆಂಡಿನಲ್ಲಿ ಪಾಸ್‌ಪೋರ್ಟಿನ ಅಕ್ಷರಗಳೇ ಪ್ರಮಾಣ. ಆದ್ದರಿಂದ ಹಣ ಕಳುಹಿಸುವ ಭಾರತೀಯ ಖಾತೆಯಲ್ಲೂ ಅದೇ ಅಕ್ಷರಗಳಿರುವಂತೆ ತಿದ್ದುಪಡಿ ಮಾಡಿಸಿಕೊಂಡು ಹೊರಡಬೇಕು.

ಎರಡನೆಯದು ಮದುವೆಯ ನೋಂದಣಿ. ನಿವೃತ್ತಿಯ ಆಧಾರದ ಮೇಲೆ ಒಬ್ಬರಿಗೆ ಅನುಮತಿ ಸಿಕ್ಕರೆ, ಅವರ ಪತಿ ಅಥವಾ ಪತ್ನಿ ಅವಲಂಬಿತರಾಗಿ ಅದೇ ಅವಧಿಗೆ ಅನುಮತಿ ಕೇಳಬಹುದು. ಅವರಿಗಾಗಿ ಪ್ರತ್ಯೇಕ ಇಡುಗಂಟು (ಅನುಮತಿಗಾಗಿ ಬ್ಯಾಂಕಿನಲ್ಲಿ ಇಟ್ಟಿರಬೇಕಾದ ಠೇವಣಿ) ತೋರಿಸುವ ಅಗತ್ಯ ಇರುವುದಿಲ್ಲ. ಆದರೆ ಇದಕ್ಕೆ ಮದುವೆಯ ಪ್ರಮಾಣಪತ್ರ ಬೇಕು. ದಶಕಗಳ ಹಿಂದೆ ಛತ್ರದಲ್ಲೋ ದೇವಸ್ಥಾನದಲ್ಲೋ ಮದುವೆಯಾದ ಹಿರಿಯರ ಪೈಕಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನು ನೋಂದಾಯಿಸದೆ ಬಿಟ್ಟವರು ಬಹಳ ಮಂದಿ ಇದ್ದಾರೆ. ಈ ನೋಂದಣಿಯನ್ನು ಮೊದಲು ಮಾಡಿಸಿ, ನಂತರ ಪ್ರಮಾಣಪತ್ರವನ್ನು ರಾಜ್ಯ ಮಟ್ಟದಲ್ಲೂ ವಿದೇಶಾಂಗ ಸಚಿವಾಲಯದಲ್ಲೂ ದೃಢೀಕರಿಸಿಕೊಳ್ಳಿ. ವಿದೇಶದಿಂದ ಈ ಕೆಲಸ ಮಾಡಿಸುವುದು ಬಹಳ ಕಷ್ಟ.

ಮೂರನೆಯದು ಪಾಸ್‌ಪೋರ್ಟಿನ ಅವಧಿ. ಪಾಸ್‌ಪೋರ್ಟ್ ಮುಗಿಯುವ ದಿನವನ್ನು ದಾಟಿ ಥಾಯ್ ಅಧಿಕಾರಿಗಳು ವಾಸದ ಅನುಮತಿ ಕೊಡುವುದಿಲ್ಲ. ಎರಡು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿದ್ದರೆ ಇಲ್ಲೇ ನವೀಕರಿಸಿಕೊಂಡು ಹೋಗುವುದು ಸೂಕ್ತ.

ಎರಡನೆಯ ಹಂತ: ಯಾವ ವೀಸಾ?

ನಿವೃತ್ತರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಭಾರತದಲ್ಲಿದ್ದಾಗಲೇ ಪಡೆಯುವ ನಾನ್-ಇಮಿಗ್ರೆಂಟ್ ‘ಓ-ಎ’ ವೀಸಾ. ಇದಕ್ಕೆ 8 ಲಕ್ಷ ಬಾತ್‌ಗೆ (ಬಾತ್ ಎಂಬುದು ಥಾಯ್ ಹಣ) ಸಮನಾದ ಮೊತ್ತವನ್ನು ನಿಮ್ಮ ದೇಶದ ಬ್ಯಾಂಕಿನಲ್ಲೇ ತೋರಿಸಬಹುದು. ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ, ಕುಷ್ಠ, ಕ್ಷಯ, ಆನೆಕಾಲು ಮುಂತಾದ ಹೆಸರಿಸಿದ ರೋಗಗಳಿಲ್ಲವೆಂಬ ವೈದ್ಯರ ಪತ್ರ, ಮತ್ತು 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ ಬೇಕು. ಥಾಯ್ಲೆಂಡಿಗೆ ಬಂದಿಳಿದಾಗ ಒಂದು ವರ್ಷದ ವಾಸದ ಅನುಮತಿ ಸಿಗುತ್ತದೆ. ಇನ್ನೊಂದು, ನಾನ್-ಇಮಿಗ್ರೆಂಟ್ ‘ಓ’ ವೀಸಾ. ಇದರಲ್ಲಿ ಮೊದಲು 90 ದಿನಗಳು ಮಾತ್ರ ಸಿಗುತ್ತವೆ. ಆ 90 ದಿನಗಳು ಮುಗಿಯುವ ಮೊದಲು ಅಲ್ಲಿನ ವಲಸೆ ಕಚೇರಿಯಲ್ಲಿ ಒಂದು ವರ್ಷದ ವಿಸ್ತರಣೆ ಕೇಳಬೇಕು.

ಮೇಲ್ನೋಟಕ್ಕೆ ‘ಓ-ಎ’ ಸುಲಭವೆನಿಸುತ್ತದೆ. ಆದರೂ ಎಪ್ಪತ್ತರ ಆಸುಪಾಸಿನವರಿಗೆ ನಾನು ‘ಓ’ ದಾರಿಯನ್ನೇ ಸೂಚಿಸುತ್ತೇನೆ. ‘ಓ-ಎ’ ವೀಸಾದಲ್ಲಿ ಬಂದವರಿಗೆ ವಿಮೆಯ ಷರತ್ತು ಪ್ರತಿ ವರ್ಷದ ವಿಸ್ತರಣೆಯಲ್ಲೂ ಬೆನ್ನು ಬಿಡುವುದಿಲ್ಲ. ವಯಸ್ಸು ಏರಿದಂತೆ ಅಷ್ಟು ದೊಡ್ಡ ಮೊತ್ತದ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಕಂತು ಬಹಳ ದುಬಾರಿ. ‘ಓ’ ವೀಸಾದ ನಿವೃತ್ತಿ ವಿಸ್ತರಣೆಗೆ ಈ ಷರತ್ತು ಇಲ್ಲ. ವಿಮೆ ಬೇಡವೆಂದು ಇದರ ಅರ್ಥವಲ್ಲ. ನಿಮ್ಮ ಅಗತ್ಯಕ್ಕೆ ತಕ್ಕ ವಿಮೆಯನ್ನು ನೀವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುತ್ತದೆ.

ಎರಡೂ ವೀಸಾಗಳಿಗೆ ಥಾಯ್ ಸರ್ಕಾರದ ಇ-ವೀಸಾ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ವೀಸಾ ಸಿಕ್ಕ ನಂತರ, ಥಾಯ್ಲೆಂಡಿಗೆ ಬಂದಿಳಿಯುವ ಮೊದಲಿನ ಮೂರು ದಿನಗಳಲ್ಲಿ ಡಿಜಿಟಲ್ ಆಗಮನ ಪತ್ರವನ್ನೂ ಆನ್‌ಲೈನಿನಲ್ಲಿ ತುಂಬಬೇಕು. ಮೇ 1, 2025ರಿಂದ ಜಾರಿಯಲ್ಲಿರುವ ಇದು ಉಚಿತ. ಇದಕ್ಕೆ ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಪ್ರತಿ ಸಲ ದೇಶದೊಳಗೆ ಬರುವಾಗಲೂ, ವರ್ಷಗಟ್ಟಲೆ ಅಲ್ಲೇ ನೆಲೆಸಿದವರೂ ಇದನ್ನು ತುಂಬಬೇಕು.

ಮೂರನೆಯ ಹಂತ: ಇಡುಗಂಟು

ಇಡೀ ವ್ಯವಸ್ಥೆಯ ಬೆನ್ನೆಲುಬು ಇದು. ‘ಓ’ ದಾರಿಯಲ್ಲಿ ವಿಸ್ತರಣೆಗೆ ಮೂರು ಬಗೆಯಲ್ಲಿ ಹಣದ ಆಧಾರ ತೋರಿಸಬಹುದು: ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ, ಅಥವಾ ತಿಂಗಳಿಗೆ ಕನಿಷ್ಠ 65,000 ಬಾತ್ ವರಮಾನ, ಅಥವಾ ಠೇವಣಿ ಮತ್ತು ವಾರ್ಷಿಕ ವರಮಾನ ಕೂಡಿ 8 ಲಕ್ಷ ಬಾತ್. ಭಾರತದ ಪಿಂಚಣಿದಾರರಿಗೆ ತಿಂಗಳ ವರಮಾನದ ದಾರಿ ಹೊಂದುವುದು ಅಪರೂಪ. ಪಿಂಚಣಿ ಸಾಕಷ್ಟಿದ್ದರೂ ಹನ್ನೆರಡು ತಿಂಗಳೂ ತಪ್ಪದೆ ಹೊರದೇಶದಿಂದ ಅಷ್ಟು ಹಣ ಬಂದಿರುವುದನ್ನು ತೋರಿಸಬೇಕಾಗುತ್ತದೆ. ಠೇವಣಿಯ ದಾರಿಯೇ ಸರಳ. ರೂಪಾಯಿಯಲ್ಲಿ ಅದು 20 ಲಕ್ಷವನ್ನು ಮೀರುವ ಮೊತ್ತ.

ಖಾತೆ ಒಬ್ಬರ ಹೆಸರಿನಲ್ಲಿ ಮಾತ್ರ ಇರಲಿ. ನಮ್ಮಲ್ಲಿ ಗಂಡ-ಹೆಂಡತಿ ಜಂಟಿ ಖಾತೆ ಇಡುವುದು ವಾಡಿಕೆ, ಆದರೆ ಇಲ್ಲಿ ಜಂಟಿ ಖಾತೆಯ ಹಣವನ್ನು ಒಬ್ಬರದೆಂದು ಪೂರ್ತಿಯಾಗಿ ಎಣಿಸುವುದಿಲ್ಲ. ಅರ್ಜಿದಾರರ ಹೆಸರಿನಲ್ಲಿ ಇಡುಗಂಟಿನ ಖಾತೆಯೊಂದು, ದಿನದ ಖರ್ಚಿಗೆ ಬೇರೆ ಖಾತೆಯೊಂದು ಎಂದು ಮೊದಲೇ ವಿಂಗಡಿಸಿಕೊಳ್ಳಿ.

ಈಗ ತಾರೀಖುಗಳಿಗೆ ಬರೋಣ. ವಿಸ್ತರಣೆಗೆ ಅರ್ಜಿ ಹಾಕುವ ದಿನಕ್ಕೆ ಎರಡು ತಿಂಗಳು ಮೊದಲಿನಿಂದ 8 ಲಕ್ಷ ಬಾತ್ ಖಾತೆಯಲ್ಲಿರಬೇಕು. ಅನುಮತಿ ಸಿಕ್ಕ ನಂತರ ಮೂರು ತಿಂಗಳು ಅದು ಅಲ್ಲೇ ಇರಬೇಕು. ಆಮೇಲೆ ಅರ್ಧದಷ್ಟು, ಅಂದರೆ 4 ಲಕ್ಷದವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಎಂದೂ ಇಳಿಯಕೂಡದು. ಮುಂದಿನ ಅರ್ಜಿಗೆ ಎರಡು ತಿಂಗಳು ಮೊದಲು ಮತ್ತೆ 8 ಲಕ್ಷಕ್ಕೆ ಏರಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀವು ಜನವರಿ 1ರಂದು ‘ಓ’ ವೀಸಾದಲ್ಲಿ ಬಂದಿಳಿದರೆ ನಿಮ್ಮ 90 ದಿನಗಳು ಮಾರ್ಚ್ 31ಕ್ಕೆ ಮುಗಿಯುತ್ತವೆ. ಮಾರ್ಚ್ 20ರಂದು ಅರ್ಜಿ ಹಾಕಬೇಕೆಂದರೆ ಹಣ ಜನವರಿ 20ರೊಳಗೆ ಖಾತೆ ಸೇರಿರಬೇಕು. ಅಂದರೆ ಬಂದ ಎರಡು ವಾರಗಳಲ್ಲಿ ಖಾತೆ ತೆರೆದು, ಹಣ ತರಿಸಿಕೊಂಡು, ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಬೇಕು. ಮನೆ ಹುಡುಕುವುದು, ಊರು ಸುತ್ತುವುದು ಇವೆಲ್ಲ ಆ ಬಳಿಕ. ಮಾರ್ಚ್ 20ಕ್ಕೆ ಅನುಮತಿ ಸಿಕ್ಕಿತು ಎನ್ನಿ. ಜೂನ್ 20ರವರೆಗೆ 8 ಲಕ್ಷ ಅಲುಗಾಡಬಾರದು, ಮುಂದಿನ ಜನವರಿಯ ಮಧ್ಯದೊಳಗೆ ಮತ್ತೆ ಅಷ್ಟೂ ಇರಬೇಕು. ನಡುವಿನ ಏಳು ತಿಂಗಳು ಅರ್ಧ ಹಣವನ್ನು ಬಳಸಬಹುದೆಂಬುದು ನಿಯಮ. ಆದರೆ ನನ್ನ ಸಲಹೆ, ಆ ಸೌಲಭ್ಯವನ್ನು ಬಳಸಲೇಬೇಡಿ. ಒಂದು ದಿನದ ಮಟ್ಟಿಗೆ ಒಂದು ಬಾತ್ ಕಡಿಮೆಯಾದರೂ ಮುಂದಿನ ವಿಸ್ತರಣೆಗೆ ಅಡ್ಡಿಯಾಗಬಹುದು. ಪೂರ್ತಿ ಹಣವನ್ನು, ಮೇಲೆ ಹತ್ತಿಪ್ಪತ್ತು ಸಾವಿರ ಬಾತ್ ಸೇರಿಸಿ, ಮರೆತುಬಿಡುವುದೇ ಕ್ಷೇಮ. ಅದೇ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಯೂ ಇಡಬಹುದೇ ಎಂದು ನಿಮ್ಮ ವ್ಯಾಪ್ತಿಯ ವಲಸೆ ಕಚೇರಿಯಲ್ಲಿ ಕೇಳಿಕೊಂಡರೆ ಅಲ್ಪಸ್ವಲ್ಪ ಬಡ್ಡಿಯೂ ಸಿಗುತ್ತದೆ.

ಭಾರತದಿಂದ ಹಣ ಕಳುಹಿಸುವಾಗಲೂ ಲೆಕ್ಕಾಚಾರ ಬೇಕು. ಭಾರತದ ನಿವಾಸಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ, ಶಿಕ್ಷಣ ಮತ್ತು ಚಿಕಿತ್ಸೆಗಲ್ಲದ ಉದ್ದೇಶವಾದರೆ, ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೂಲದಲ್ಲೇ ವಸೂಲಿ ಮಾಡುತ್ತದೆ. ರಿಟರ್ನ್ ಸಲ್ಲಿಸಿದಾಗ ಅದನ್ನು ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು, ಆದರೂ ಅಷ್ಟು ಹಣ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಚ್ ಕೊನೆಯೊಳಗೆ ಒಂದು ಭಾಗ, ಏಪ್ರಿಲ್ ಆರಂಭದಲ್ಲಿ ಇನ್ನೊಂದು ಭಾಗ ಕಳುಹಿಸುವಂತೆ ಪ್ರಯಾಣವನ್ನು ಯೋಜಿಸಿಕೊಂಡರೆ ಈ ಹೊರೆ ಬಹುಮಟ್ಟಿಗೆ ತಗ್ಗುತ್ತದೆ. ಹಣ ಹೊರದೇಶದಿಂದಲೇ ಬಂದಿತೆಂದು ತೋರಿಸುವ ಬ್ಯಾಂಕಿನ ಚೀಟಿಯನ್ನು ಜೋಪಾನವಾಗಿಡಿ.

ನಾಲ್ಕನೆಯ ಹಂತ: ವಿಸ್ತರಣೆಯ ದಿನ

ಅನುಮತಿ ಮುಗಿಯುವ ಮುನ್ನಿನ 30 ದಿನಗಳಲ್ಲಿ ನಿಮ್ಮ ಪ್ರಾಂತ್ಯದ ವಲಸೆ ಕಚೇರಿಗೆ ಖುದ್ದಾಗಿ ಹೋಗಬೇಕು. ಬ್ಯಾಂಕಾಕ್ ನಿವಾಸಿಗಳಿಗೆ ಅದು ಚೇಂಗ್ ವತ್ತನದಲ್ಲಿರುವ ಸರ್ಕಾರಿ ಕಚೇರಿ ಸಂಕೀರ್ಣ, ಪಟ್ಟಾಯದವರಿಗೆ ಜೋಮ್ತಿಯೆನ್. ಟಿ.ಎಂ. 7 ಅರ್ಜಿ, 4×6 ಸೆಂ.ಮೀ. ಭಾವಚಿತ್ರ, ಪಾಸ್‌ಪೋರ್ಟಿನ ಪುಟಗಳ ಪ್ರತಿಗಳು, ಬ್ಯಾಂಕ್ ಕೊಟ್ಟ ಪತ್ರ, ಪಾಸ್‌ಬುಕ್ಕಿನ ಪ್ರತಿ, ಬಾಡಿಗೆ ಕರಾರು, ಮನೆಗೆ ಹೋಗುವ ದಾರಿಯ ನಕ್ಷೆ, ಮನೆಯೊಡೆಯರು ವಿಳಾಸ ತಿಳಿಸಿದ ಟಿ.ಎಂ. 30 ರಸೀದಿ ಮತ್ತು 1,900 ಬಾತ್ ಶುಲ್ಕ ಜೊತೆಗಿರಲಿ. ಬ್ಯಾಂಕಿನ ಪತ್ರ ಹಳೆಯದಾಗಿರಬಾರದು. ಅದೇ ದಿನ ಬೆಳಗ್ಗೆ ಖಾತೆಯಲ್ಲಿ ನೂರು ಬಾತ್ ಹಾಕಿ ಪಾಸ್‌ಬುಕ್ಕನ್ನು ನಮೂದು ಮಾಡಿಸಿಕೊಂಡು ಹೋದರೆ ಲೆಕ್ಕ ಆ ದಿನದವರೆಗೆ ಸರಿಯಾಗಿರುತ್ತದೆ. ಪ್ರತಿಯೊಂದು ಪ್ರತಿಗೂ ನಿಮ್ಮ ಸಹಿ ಇರಲಿ.

ಥಾಯ್ ಕಾಗದಗಳಲ್ಲಿ ಬೌದ್ಧ ಶಕೆ ಬಳಕೆಯಲ್ಲಿದೆ. ನಮ್ಮ ಇಸವಿಗೆ 543 ಕೂಡಿಸಿದರೆ ಅದು ಸಿಗುತ್ತದೆ. 2025 ಎಂಬುದು ಅಲ್ಲಿ 2568. ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಅವಧಿಯ ಇಸವಿಗಳನ್ನು ಲೆಕ್ಕ ಹಾಕಿ ನೋಡಿ. ಕಚೇರಿಗೆ ಹೋಗುವಾಗ ಗೌರವಯುತವಾದ ಉಡುಪು ಧರಿಸಿ, ಮೆಲುದನಿಯಲ್ಲಿ ಮಾತನಾಡಿ. ಸಿಬ್ಬಂದಿ ನಿಮ್ಮನ್ನು ‘ಖುನ್’ ಎಂಬ ಗೌರವಪದ ಸೇರಿಸಿ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಏಪ್ರಿಲ್ 13ರಿಂದ 15ರವರೆಗಿನ ಸೋಂಗ್‌ಕ್ರಾನ್ ಹೊಸವರ್ಷದಲ್ಲಿ ಕಚೇರಿಗಳು ಮುಚ್ಚಿರುತ್ತವೆ, ಅದರ ಹಿಂದುಮುಂದಿನ ದಿನಗಳಲ್ಲಿ ದಟ್ಟಣೆ ಹೆಚ್ಚು. ಪ್ರತಿ ಕಚೇರಿಯೂ ಒಂದೆರಡು ಹೆಚ್ಚುವರಿ ಕಾಗದ ಕೇಳುವ ರೂಢಿ ಇದೆ, ಆದ್ದರಿಂದ ಒಂದು ವಾರ ಮೊದಲೇ ಹೋಗಿ ಅವರದೇ ಪಟ್ಟಿಯನ್ನು ಪಡೆದುಕೊಳ್ಳಿ.

ಐದನೆಯ ಹಂತ: ಉಳಿದ ಮೂರು ಗಡುವುಗಳು

ವಿಸ್ತರಣೆಯ ಮುದ್ರೆ ಬಿದ್ದ ಮೇಲೆ ವರ್ಷವಿಡೀ ನಿಶ್ಚಿಂತೆ ಎಂದುಕೊಳ್ಳುವವರು ಅನೇಕ. ಅದು ನಾಲ್ಕು ಗಡುವುಗಳಲ್ಲಿ ಒಂದಷ್ಟೇ.

ಮೊದಲನೆಯದು, ವಿಳಾಸದ ತಿಳಿವಳಿಕೆ. 1979ರ ವಲಸೆ ಕಾನೂನಿನ ಪ್ರಕಾರ ವಿದೇಶೀಯರು ಮನೆಗೆ ಬಂದ 24 ಗಂಟೆಗಳೊಳಗೆ ಮನೆಯೊಡೆಯರು ಟಿ.ಎಂ. 30 ಮೂಲಕ ತಿಳಿಸಬೇಕು. ಹೊಣೆ ಅವರದಾದರೂ ರಸೀದಿ ಇಲ್ಲದೆ ನಿಮ್ಮ ಬೇರೆ ಅರ್ಜಿಗಳು ನಿಂತುಬಿಡುತ್ತವೆ. ಇದನ್ನು ಮಾಡಿಕೊಡಲು ಒಪ್ಪದ ಮನೆಯನ್ನು, ಎಷ್ಟೇ ಚೆನ್ನಾಗಿದ್ದರೂ, ಬಾಡಿಗೆಗೆ ಹಿಡಿಯಬೇಡಿ.

ಎರಡನೆಯದು, 90 ದಿನಗಳ ವರದಿ. ಸತತ 90 ದಿನ ದೇಶದಲ್ಲಿದ್ದವರು ಟಿ.ಎಂ. 47 ಅರ್ಜಿಯಲ್ಲಿ ತಮ್ಮ ವಿಳಾಸವನ್ನು ತಿಳಿಸಬೇಕು. ಗಡುವಿಗೆ 15 ದಿನ ಮೊದಲಿನಿಂದ 7 ದಿನ ಕಳೆಯುವವರೆಗೆ ಅವಕಾಶವಿದೆ, ಶುಲ್ಕವಿಲ್ಲ. ತಡವಾದರೆ 2,000 ಬಾತ್ ದಂಡ. ಮೊದಲ ಸಲ ಖುದ್ದಾಗಿ, ನಂತರ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಪ್ರಥಮ ವಿಸ್ತರಣೆಯ ಅರ್ಜಿಯನ್ನು ಮಾತ್ರ ಈ ವರದಿಗೆ ಸಮನೆಂದು ಪರಿಗಣಿಸಲಾಗುತ್ತದೆ, ಎರಡನೆಯ ವರ್ಷದಿಂದ ಆ ವಿನಾಯಿತಿ ಇಲ್ಲ. ದೇಶ ಬಿಟ್ಟು ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ. ಮುಖ್ಯವಾಗಿ, ಈ ವರದಿಯ ಚೀಟಿ ವಾಸದ ಅನುಮತಿಯಲ್ಲ. ಅದರಲ್ಲಿ ಬರೆದಿರುವ ಮುಂದಿನ ತಾರೀಖನ್ನು ಅನುಮತಿಯ ಕೊನೆಯ ದಿನವೆಂದು ತಿಳಿದು ವಿಸ್ತರಣೆಯನ್ನು ತಪ್ಪಿಸಿಕೊಂಡರೆ ದಿನಕ್ಕೆ 500 ಬಾತ್‌ನಂತೆ 20,000 ಬಾತ್‌ವರೆಗೆ ದಂಡ ತೆರಬೇಕಾಗುತ್ತದೆ. ಅವಧಿ ಮೀರಿ 90 ದಿನ ದಾಟಿದರೆ ಮತ್ತೆ ದೇಶ ಪ್ರವೇಶಿಸದಂತೆ ನಿಷೇಧವೂ ಬರುತ್ತದೆ.

ಮೂರನೆಯದು ಮರುಪ್ರವೇಶದ ಪರವಾನಗಿ. ನಮ್ಮವರಿಗೆ ಅತ್ಯಂತ ಮುಖ್ಯವಾದದ್ದು ಇದೇ. ವಿಸ್ತರಣೆ ಇದ್ದರೂ ಈ ಪರವಾನಗಿ ಇಲ್ಲದೆ ದೇಶ ಬಿಟ್ಟರೆ, ವಿಮಾನ ಹತ್ತಿದ ಕ್ಷಣಕ್ಕೆ ವಿಸ್ತರಣೆ ರದ್ದಾಗುತ್ತದೆ. ಮರಳಿ ಬಂದಾಗ ವೀಸಾದಿಂದಲೇ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು. ಒಂದು ಸಲದ ಪರವಾನಗಿಗೆ 1,000 ಬಾತ್, ಅನುಮತಿಯ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಹೋಗಿಬರುವ ಪರವಾನಗಿಗೆ 3,800 ಬಾತ್. ಊರಿನಲ್ಲಿ ವಯಸ್ಸಾದ ತಾಯಿತಂದೆಯರು, ಅಣ್ಣತಮ್ಮಂದಿರು ಇರುವವರು, ಮೊಮ್ಮಕ್ಕಳ ನಾಮಕರಣ, ಮದುವೆ, ತಿಥಿಗಳಿಗೆ ಹೋಗಿಬರುವವರು ವಿಸ್ತರಣೆ ಸಿಕ್ಕ ದಿನವೇ ಅದೇ ಕಚೇರಿಯಲ್ಲಿ ಟಿ.ಎಂ. 8 ಅರ್ಜಿ ಕೊಟ್ಟು 3,800 ಬಾತ್‌ನ ಪರವಾನಗಿಯನ್ನೇ ಪಡೆಯಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಡುರಾತ್ರಿ ಕೆಟ್ಟ ಸುದ್ದಿ ಬಂದು ಹೊರಟಾಗ ಕಾಗದದ ಚಿಂತೆ ಇರಬಾರದು. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಡುವಾಗಲೂ ಇದನ್ನು ಪಡೆಯುವ ವ್ಯವಸ್ಥೆ ಇದೆ, ಆದರೆ ಅಂಥ ಹೊತ್ತಿನಲ್ಲಿ ಅದನ್ನು ನೆಚ್ಚಿಕೊಳ್ಳುವುದು ಬೇಡ.

ಆರನೆಯ ಹಂತ: ಭಾರತದ ಕಡೆಯ ಲೆಕ್ಕಗಳು

ವಿದೇಶದಲ್ಲಿ ನೆಲೆಸಲು ಹೊರಟವರು ತಮ್ಮ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳ ಸಾಮಾನ್ಯ ರೂಪಾಯಿ ಖಾತೆ) ಬದಲಾಯಿಸಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಇವೆಲ್ಲ ಅದಕ್ಕೆ ಜಮೆಯಾಗುತ್ತವೆ, ತೆರಿಗೆ ಕಳೆದ ನಂತರ ಹೊರಗೆ ಕಳುಹಿಸಲೂ ಬಹುದು. ಆಸ್ತಿ ಮಾರಿದ ಹಣದಂಥ ಮೊತ್ತಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ ಇದೆ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಬೇಕಾಗಬಹುದು. ಅನಿವಾಸಿಯಾದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯಲು ಬರುವುದಿಲ್ಲ ಎಂಬುದನ್ನೂ ಹೊರಡುವ ಮುನ್ನವೇ ಯೋಚಿಸಿ.

ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ, 80 ದಾಟಿದವರು ಅಕ್ಟೋಬರ್‌ನಿಂದಲೇ, ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಮೊಬೈಲಿನಲ್ಲಿ ಮುಖ ಗುರುತಿಸುವ ಜೀವನ್ ಪ್ರಮಾಣ್ ವ್ಯವಸ್ಥೆ ಇದೆ. ಆಗದಿದ್ದರೆ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬಹುದು. ಇವೆಲ್ಲವೂ ಸಾಗುವುದು ಒಂದು ಸಣ್ಣ ವಸ್ತುವಿನ ಮೇಲೆ: ನಿಮ್ಮ ಭಾರತದ ಸಿಮ್. ಆಧಾರ್ ಮತ್ತು ಬ್ಯಾಂಕಿನ ಒಟಿಪಿ ಬರುವುದು ಆ ಸಂಖ್ಯೆಗೇ. ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪದಂತೆ ಮಕ್ಕಳಿಗೋ ನಂಬಿಕಸ್ಥರಿಗೋ ಒಪ್ಪಿಸಿ.

ಅಲ್ಲಿನ ತೆರಿಗೆಯ ವಿಷಯ ಚಿಕ್ಕದಾಗಿ ಹೇಳುವುದಾದರೆ: ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಇದ್ದವರು ಥಾಯ್ಲೆಂಡಿನ ತೆರಿಗೆ ನಿವಾಸಿಗಳು. 2024ರ ಜನವರಿ 1ರಿಂದ ಗಳಿಸಿದ ವಿದೇಶಿ ಆದಾಯವನ್ನು ಒಳತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಹಿಂದಿನ ಉಳಿತಾಯಕ್ಕೆ ಇದು ಅನ್ವಯಿಸದು. ಇಡುಗಂಟಿನ ಹಣ 2023ರ ಡಿಸೆಂಬರ್ ಕೊನೆಗೇ ನಿಮ್ಮಲ್ಲಿತ್ತೆಂದು ತೋರಿಸುವ ಬ್ಯಾಂಕ್ ವಿವರಗಳನ್ನು ತೆಗೆದಿಟ್ಟುಕೊಳ್ಳಿ. ಎರಡು ದೇಶಗಳ ನಡುವೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದವಿದೆ, ಸರ್ಕಾರಿ ಪಿಂಚಣಿ ಮತ್ತು ಖಾಸಗಿ ಪಿಂಚಣಿಗಳಿಗೆ ಅದು ಅನ್ವಯವಾಗುವ ಬಗೆ ಬೇರೆ. ಎರಡೂ ಕಡೆ ಬಲ್ಲ ಲೆಕ್ಕಪರಿಶೋಧಕರನ್ನು ಕೇಳುವುದು ಅಗತ್ಯ.

ಏಳನೆಯ ಹಂತ: ಮನೆ, ಊಟ, ಆರೋಗ್ಯ

ವಿದೇಶೀಯರು ಅಲ್ಲಿ ಭೂಮಿಯನ್ನು ಕೊಳ್ಳುವಂತಿಲ್ಲ. ಕಾಂಡೊಮಿನಿಯಂ ಫ್ಲಾಟ್ ಕೊಳ್ಳಬಹುದು, ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ವಿದೇಶೀಯರ ಪಾಲು ಶೇ 49 ಮೀರಬಾರದು. ಮೊದಲ ವರ್ಷ ಬಾಡಿಗೆಗೇ ಇರಿ. ಉತ್ತರದ ಚಿಯಾಂಗ್ ಮಾಯ್ ಚಳಿಗಾಲದಲ್ಲಿ ಬಹಳ ಹಿತ, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ-ಕಾಡುಗಳ ಬೆಂಕಿಯ ಹೊಗೆ ಕಣಿವೆಯಲ್ಲಿ ಕವಿಯುತ್ತದೆ. ಉಬ್ಬಸ, ಹೃದ್ರೋಗ ಇರುವವರು ಆ ತಿಂಗಳುಗಳನ್ನು ಅಲ್ಲಿ ಒಮ್ಮೆ ಕಳೆದು ನೋಡದೆ ಮನೆ ಕೊಳ್ಳಬಾರದು.

ಸಸ್ಯಾಹಾರಿಗಳು ‘ಜೇ’ ಎಂಬ ಮಾತನ್ನು ಕಲಿಯಿರಿ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಯಲ್ಲಿ ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಕಡೆ ಬರೀ ತರಕಾರಿಯೆಂದು ಕೊಡುವ ಪದಾರ್ಥದಲ್ಲೂ ‘ನಾಮ್ ಪ್ಲಾ’ ಎಂಬ ಮೀನಿನ ರಸ ಬಿದ್ದಿರುತ್ತದೆ. ಬೇಳೆ, ಮಸಾಲೆ ಸಾಮಾನುಗಳಿಗೆ ಬ್ಯಾಂಕಾಕ್‌ನ ಪಾಹುರತ್ ಪೇಟೆ ಇದೆ. ಸಿಲೋಮ್ ರಸ್ತೆಯಲ್ಲಿ ಮಾರಿಯಮ್ಮನ ಹಳೆಯ ಗುಡಿಯಿದೆ.

ನಮ್ಮ ಬಹುತೇಕ ಆರೋಗ್ಯ ವಿಮೆಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ವಿಮೆ ಸಿಗದ ವಯಸ್ಸಿನವರು ಇಡುಗಂಟಲ್ಲದೆ ಚಿಕಿತ್ಸೆಗೆಂದೇ ಬೇರೆ ಮೊತ್ತವನ್ನು ತೆಗೆದಿಡಬೇಕು. ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ 30 ದಿನಗಳಷ್ಟು ಒಯ್ಯಿರಿ. ನಿದ್ರೆ ಮತ್ತು ತೀವ್ರ ನೋವಿನ ಮಾತ್ರೆಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ. ಆಂಬುಲೆನ್ಸಿಗೆ 1669, ಪ್ರವಾಸಿ ಪೊಲೀಸರಿಗೆ 1155. ಈ ಅನುಮತಿಯಲ್ಲಿ ಇರುವವರು ದುಡಿಯುವಂತಿಲ್ಲ. ಹಣ ಪಡೆದು ಯೋಗ ಹೇಳಿಕೊಡುವುದಕ್ಕೂ ಕೆಲಸದ ಪರವಾನಗಿ ಬೇಕು.

ಎಂಟನೆಯ ಹಂತ: ಉಯಿಲು ಮತ್ತು ಮರಳುವಿಕೆ

ಖಾತೆದಾರರು ತೀರಿಕೊಂಡರೆ ಆ ಖಾತೆಯ ಹಣ ನ್ಯಾಯಾಲಯದ ಆದೇಶವಿಲ್ಲದೆ ಪತ್ನಿಗೂ ಸಿಗುವುದಿಲ್ಲ. ಇಡುಗಂಟು ಒಬ್ಬರ ಹೆಸರಿನಲ್ಲೇ ಇರಬೇಕಾದ್ದರಿಂದ, ಅಲ್ಲಿನ ವಕೀಲರಿಂದ ಥಾಯ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ, ಥಾಯ್ಲೆಂಡಿನ ಆಸ್ತಿಗೆ ಸೀಮಿತವಾದ ಉಯಿಲನ್ನು ಮೊದಲ ವರ್ಷದಲ್ಲೇ ಬರೆಸಿಡಿ. ಭಾರತದ ಉಯಿಲನ್ನು ಅದು ರದ್ದುಪಡಿಸುವುದಿಲ್ಲ ಎಂಬ ವಾಕ್ಯ ಅದರಲ್ಲಿರಲಿ. ಅವಲಂಬಿತರಾಗಿ ಬಂದ ಪತ್ನಿಯ ಅನುಮತಿ ಪತಿಯ ಅನುಮತಿಯನ್ನು ಆಧರಿಸಿರುವುದರಿಂದ, ಪತಿಯ ಕಾಲಾನಂತರ ಅವರು ಅಲ್ಲೇ ಇರಬಯಸಿದರೆ ಸ್ವಂತ ಆಧಾರದ ಮೇಲೆ ಅರ್ಜಿ ಹಾಕಬೇಕಾಗುತ್ತದೆ. ಅವರ ಹೆಸರಿನಲ್ಲೂ ಒಂದು ಥಾಯ್ ಖಾತೆ, ಸ್ವಲ್ಪ ಹಣ, ಕಾಗದಗಳ ಒಂದು ಪ್ರತಿ ಇರಬೇಕು, ಮತ್ತು ನಾಲ್ಕು ಗಡುವುಗಳ ವಿಷಯ ಅವರಿಗೂ ಗೊತ್ತಿರಬೇಕು.

ಶಾಶ್ವತವಾಗಿ ಊರಿಗೆ ಮರಳಲು ತೀರ್ಮಾನಿಸಿದರೆ, ಅನುಮತಿ ಮುಗಿಯುವ ಮುನ್ನವೇ ಠೇವಣಿಯನ್ನು ಭಾರತಕ್ಕೆ ಕಳುಹಿಸಿ, ಅದು ತಲುಪಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಖಾತೆ ಮುಚ್ಚಿ. ಥಾಯ್ ಬ್ಯಾಂಕಿನ ಶಾಖೆಗೆ ಖುದ್ದಾಗಿ ಹೋಗದೆ ಇದನ್ನು ಮಾಡುವುದು ಕಷ್ಟ. ಊರಿಗೆ ಬಂದ ನಂತರ ಎನ್‌ಆರ್‌ಒ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಪತ್ರ ಕೊಡಿ.